ಹಳೇ ಡಿಸ್ಕಿನಲ್ಲಿ ಏನಿದೆ, ಮೊದಲು ಅದನ್ನು ಹೇಳಿ

ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದಕ್ಕೊಂದು ವೇಗದ ಹೊಸ ಥರದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿ ನೋಡಿ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಈ ಸಲ ಬಂದ ಪ್ರಶ್ನೆಗಳೆಲ್ಲ ಅದರ ಮೇಲೆಯೇ. ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಬರುವವರು ಮೊದಲು ಕೇಳುವುದು ‘ಯಾವ ಕಂಪನಿಯದು ತಗೊಳ್ಳಲಿ’ ಅಂತ. ನಾನು ಕೇಳುವುದು ಬೇರೆ. ಈಗಿರುವ ಡಿಸ್ಕಿನಲ್ಲಿ ಏನೇನಿದೆ? ಅದು ಗೊತ್ತಾದರೆ ಉಳಿದದ್ದು ಸ್ಕ್ರೂಡ್ರೈವರ್ ಕೆಲಸ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2012ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ಮೂರನೇ ತಲೆಮಾರಿನ ಐ3, ಎಚ್61 ಮದರ್‌ಬೋರ್ಡ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಎಸ್‌ಎಸ್‌ಡಿ ಹಿಡಿಸುತ್ತದೆಯೇ? ನಾನೇ ಹಾಕಿಕೊಳ್ಳಬಹುದೇ? (ಸಾಗರ)

ಉತ್ತರ: ಎರಡಕ್ಕೂ ಹೌದು, ಮೇಷ್ಟ್ರೇ.

ನಿಮ್ಮ ಪ್ರೊಸೆಸರ್ ಅಷ್ಟೇನೂ ಸೋತಿಲ್ಲ. ಕಾಯಿಸುತ್ತಿರುವುದು ಹಾರ್ಡ್ ಡಿಸ್ಕ್. ಅದರೊಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಇದೆ, ಅದರ ಮೇಲೆ ಓಡಾಡುವ ಒಂದು ಕಡ್ಡಿ ಇದೆ. ಒಂದು ಫೈಲ್ ಬೇಕೆಂದರೆ ಕಡ್ಡಿ ಆ ಜಾಗಕ್ಕೆ ಹೋಗಬೇಕು, ತಟ್ಟೆ ತಿರುಗಿ ಬರಬೇಕು. ಇದಕ್ಕೆ ಸುಮಾರು 10 ಮಿಲಿಸೆಕೆಂಡ್. ಒಂದು ಫೈಲಿಗಾದರೆ ಏನೂ ಅಲ್ಲ. ಆದರೆ ವಿಂಡೋಸ್ ಏಳುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ಫೈಲುಗಳನ್ನು ಓದುತ್ತದೆ. ನಿಮ್ಮ ಕಾಫಿ ಹೊತ್ತು ಹೋಗುತ್ತಿರುವುದು ಅಲ್ಲಿ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಬರೀ ಮೆಮೊರಿ ಚಿಪ್. ಅದೇ ಕೆಲಸಕ್ಕೆ 0.1 ಮಿಲಿಸೆಕೆಂಡ್ ಸಾಕು.

ಎಚ್61 ಬೋರ್ಡಿನ ಸಾಟಾ ಪೋರ್ಟುಗಳು, ಅಂದರೆ ಡಿಸ್ಕಿನ ಕೇಬಲ್ ಸಿಕ್ಕಿಸುವ ಕಿಂಡಿಗಳು, ಹಳೇ ಕಾಲದವು, 3 ಗಿಗಾಬಿಟ್‌ನವು. ಈಗಿನ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಓದಬಲ್ಲದು, ನಿಮ್ಮಲ್ಲಿ ಅದರ ಅರ್ಧ ಬಂದೀತು. ‘ಅರ್ಧ ವೇಗಕ್ಕೆ ಪೂರ್ತಿ ದುಡ್ಡು ಯಾಕೆ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಮಗೆ ಬೇಕಾದದ್ದು ಆ 10 ಮಿಲಿಸೆಕೆಂಡ್ ತಪ್ಪುವುದು. ಅದು ಹಳೇ ಪೋರ್ಟಿನಲ್ಲೂ ತಪ್ಪುತ್ತದೆ.

ಕೊಳ್ಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. 240 ಜಿಬಿ ಸಾಕು, 500 ಆದರೆ ಆರಾಮ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಡ್ರೈವ್ ಒಂದೇ ಇರುತ್ತದೆ, ಕೇಬಲ್ ಇರುವುದಿಲ್ಲ. ಹಾಗಾಗಿ ಒಂದು ಸಾಟಾ ಡೇಟಾ ಕೇಬಲ್ ಕೇಳಿ ತಗೊಳ್ಳಿ. ಹಳೇ ಕ್ಯಾಬಿನೆಟ್ಟಿನಲ್ಲಿ 2.5 ಇಂಚಿನ ಜಾಗ ಇರುವುದಿಲ್ಲ, ಅದಕ್ಕೊಂದು ತಗಡಿನ ಬ್ರಾಕೆಟ್ ಸಿಗುತ್ತದೆ. ಅದೂ ಸಿಗದಿದ್ದರೆ ಒಂದೇ ಬದಿಗೆ ಎರಡು ಸ್ಕ್ರೂ ಹಾಕಿ ಕೂರಿಸಿ. ಅಡ್ಡ ಇದ್ದರೂ ನಡೆಯುತ್ತದೆ, ಉದ್ದ ಇದ್ದರೂ ನಡೆಯುತ್ತದೆ.

ಕೊಳ್ಳುವ ಮೊದಲೇ ಸಿಪಿಯು ಪಕ್ಕದ ಬಾಗಿಲು ತೆಗೆದು, ಕರೆಂಟು ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ಸಿನಿಂದ ಬರುವ ವೈರುಗಳನ್ನು ನೋಡಿ. ಹಾರ್ಡ್ ಡಿಸ್ಕಿಗೆ ಹೋಗಿರುವಂಥದ್ದೇ ಚಪ್ಪಟೆ ಕನೆಕ್ಟರ್ ಇನ್ನೊಂದು ಖಾಲಿ ಇದೆಯೇ? ಇಲ್ಲದಿದ್ದರೆ ಅಂಗಡಿಯವರು ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ವೈರ್ ಕೊಡುತ್ತಾರೆ. ಅದರಲ್ಲಿ ಅಗ್ಗದ್ದು, ವೈರಿನ ತುದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದದ್ದು ಬರುತ್ತದೆ. ಅದು ಬೇಡ. ಒಳಗೆ ವೈರುಗಳು ಒಂದಕ್ಕೊಂದು ತಾಗಿ ಸುಟ್ಟುಹೋದ ಕೇಸುಗಳಿವೆ. ಡಿವಿಡಿ ಡ್ರೈವ್ ಬಳಸುತ್ತಿಲ್ಲವಾದರೆ ಅದರ ಕನೆಕ್ಟರನ್ನೇ ಬಿಚ್ಚಿ ಇದಕ್ಕೆ ಕೊಡಿ, ಮುಗಿಯಿತು.

ಈಗ ಹಳೇ ಡಿಸ್ಕ್. ಮೊಮ್ಮಕ್ಕಳ ಫೋಟೋ, ಪಿಂಚಣಿ ಕಾಗದ, ಬರೆದಿಟ್ಟ ಲೇಖನ ಎಲ್ಲವನ್ನೂ ಪೆನ್ ಡ್ರೈವಿಗೋ ಎಕ್ಸ್‌ಟರ್ನಲ್ ಡಿಸ್ಕಿಗೋ ಹಾಕಿಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಡೌನ್‌ಲೋಡ್ಸ್ ಒಳಗೆ ಬಿದ್ದದ್ದು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಈ ಮೂರನ್ನು ಜನ ಮರೆಯುತ್ತಾರೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯವನ್ನೂ ನೋಡಿ. ನೀಲಿ ಇದ್ದರೆ ಸರಿ. ಹಳದಿಯಲ್ಲಿ ‘ಕಾಷನ್’ ಎಂದರೆ ಬೇರೆಲ್ಲ ಬಿಟ್ಟು ಕಾಪಿ ಮಾಡುವ ಕೆಲಸ ಮೊದಲು ಮುಗಿಸಿ.

ಹಾಕುವಾಗ ಪ್ಲಗ್ ಕಿತ್ತಿಡಿ. ಆಮೇಲೆ ಪವರ್ ಬಟನ್ ಒಮ್ಮೆ ಒತ್ತಿ, ಒಳಗೆ ಉಳಿದ ಕರೆಂಟು ಇಳಿದುಹೋಗುತ್ತದೆ. ಕ್ಯಾಬಿನೆಟ್ಟಿನ ತಗಡನ್ನು ಮುಟ್ಟಿ ಕೈ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಾಟ ಕಡಿಮೆ, ಆದರೂ ಇರಲಿ. ಸಾಟಾ ಕನೆಕ್ಟರ್ ಎಲ್ ಆಕಾರದಲ್ಲಿದೆ, ತಿರುಗಾಮುರುಗಾ ಹೋಗುವುದಿಲ್ಲ. ಹೋಗದಿದ್ದರೆ ಒತ್ತಬೇಡಿ, ತಿರುಗಿಸಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಸ್‌ಎಸ್‌ಡಿ ಮೇಲೆ ಹೊಸದಾಗಿ ಓಎಸ್ (ವಿಂಡೋಸಿನಂಥ ಮೂಲ ತಂತ್ರಾಂಶ) ಹಾಕುವಾಗ ಹಳೇ ಹಾರ್ಡ್ ಡಿಸ್ಕಿನ ಡೇಟಾ ಕೇಬಲ್ ಕಿತ್ತಿಡಿ. ಎರಡೂ ಸಿಕ್ಕಿಸಿದ್ದರೆ ವಿಂಡೋಸ್ ತನ್ನ ದೊಡ್ಡ ಫೈಲುಗಳನ್ನು ಎಸ್‌ಎಸ್‌ಡಿಯಲ್ಲಿ ಇಟ್ಟು, ಬೂಟ್ ಆಗಲು ಬೇಕಾದ ಚಿಕ್ಕ ಭಾಗವನ್ನು ಹಳೇ ಡಿಸ್ಕಿನಲ್ಲೇ ಬಿಟ್ಟುಬಿಡಬಹುದು. ಆಗ ಗೊತ್ತಾಗುವುದೇ ಇಲ್ಲ. ಮುಂದೆ ಹಳೇ ಡಿಸ್ಕ್ ಕೆಟ್ಟಾಗಲೋ ತೆಗೆದಾಗಲೋ ಕಂಪ್ಯೂಟರ್ ಏಳುವುದಿಲ್ಲ. ‘ಎಸ್‌ಎಸ್‌ಡಿ ಹೋಯ್ತು’ ಎಂದು ನನ್ನ ಟೇಬಲ್ಲಿಗೆ ಬರುವ ಎಷ್ಟೋ ಡ್ರೈವುಗಳಿಗೆ ಏನೂ ಆಗಿರುವುದಿಲ್ಲ, ಇದೇ ಕತೆ. ಅದೇ ಹೊತ್ತಿಗೆ ಬಯಾಸಿನಲ್ಲಿ (ಆನ್ ಆಗುವಾಗಲೇ ತೆರೆಯುವ ಬೋರ್ಡಿನ ಸೆಟಿಂಗ್ ಪರದೆ) ಸಾಟಾ ಮೋಡ್ ಎಎಚ್‌ಸಿಐ ಎಂದಿದೆಯೇ ನೋಡಿ. ಐಡಿಇ ಎಂದಿದ್ದರೆ ಓಎಸ್ ಹಾಕುವ ಮೊದಲೇ ಬದಲಿಸಿ.

ಯಾವ ಓಎಸ್? ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮೂರನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಡ್ಡದಾರಿಗಳಿವೆ, ನಾನು ಹೇಳುವುದಿಲ್ಲ. ಪತ್ರ, ಬ್ರೌಸರ್, ಯೂಟ್ಯೂಬ್ ಇಷ್ಟೇ ನಿಮ್ಮ ಕೆಲಸವಾದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಹಾಕಿ. ಕನ್ನಡಕ್ಕೆ ಕಗಪ ಕೀಲಿಮಣೆ ಅದರಲ್ಲೇ ಇದೆ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ರೂಢಿಯಾದ ಕೈಗೆ ಕಷ್ಟವಾಗದು. ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಅದನ್ನೂ ಹಾಕಿಬಿಡಿ.

ಪ್ರಶ್ನೆ: ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡ್, ಹ್ಯಾಂಡ್‌ಬಿಲ್, ಸಂಘದ ವಾರ್ಷಿಕ ವರದಿ. ಪೇಜ್‌ಮೇಕರ್, ಕೋರಲ್ ಡ್ರಾ, ನುಡಿ, ಜೊತೆಗೆ ಟ್ಯಾಲಿ. 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಸುಮಾರು 300 ಜಿಬಿ ತುಂಬಿದೆ. 500 ಜಿಬಿ ಎಸ್‌ಎಸ್‌ಡಿ ತಂದಿದ್ದೇನೆ. ಹುಡುಗ ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕೋಣ’ ಅನ್ನುತ್ತಾನೆ. ಸೀಸನ್ ಹತ್ತಿರ ಬಂದಿದೆ, ಭಯವಾಗುತ್ತದೆ. (ಹೊಸನಗರ)

ಉತ್ತರ: ಭಯಪಡುವುದು ಸರಿಯಾಗಿಯೇ ಇದೆ. ಮೇಷ್ಟ್ರಿಗೆ ಹೊಸದಾಗಿ ಹಾಕಿ ಎಂದೆ, ನಿಮಗೆ ಕ್ಲೋನ್ ಮಾಡಿ, ಅಂದರೆ ಹಳೇ ಡಿಸ್ಕನ್ನು ಇದ್ದ ಹಾಗೆಯೇ ಹೊಸದಕ್ಕೆ ನಕಲಿಸಿ ಎನ್ನುತ್ತೇನೆ.

ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0, ಬಂದದ್ದು 2001ರಲ್ಲಿ. ಅದರ ಸಿಡಿ, ಸೀರಿಯಲ್ ನಂಬರ್ ನಿಮ್ಮ ಹತ್ತಿರ ಈಗ ಇದೆಯೇ? ಬಹಳ ಪ್ರೆಸ್ಸುಗಳಲ್ಲಿ ಇರುವುದಿಲ್ಲ. ಇನ್ನೊಂದು, ನುಡಿ ಫಾಂಟ್. ಹಳೇ ಕೆಲಸಗಳೆಲ್ಲ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೊಸ ನುಡಿ ಹಾಕಿದ ಮಾತ್ರಕ್ಕೆ ನೀವು ಬೇರೆ ಕಡೆಯಿಂದ ತಂದು ಸೇರಿಸಿಕೊಂಡ ಹತ್ತಾರು ಡಿಸೈನ್ ಫಾಂಟುಗಳು ಬರುವುದಿಲ್ಲ.

ಹಾಗಾಗಿ ಕ್ಲೋನ್. ಅದಕ್ಕೂ ಮೊದಲು ಫಾಂಟುಗಳನ್ನು ಬೇರೆಯಾಗಿ ಕಾಪಿ ಮಾಡಿಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಒಂದೇ ಸಾಲದು. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ, ಡಬಲ್ ಕ್ಲಿಕ್ ಮಾಡಿ ಹಾಕಿದ ಫಾಂಟ್ ಆ ಬಳಕೆದಾರನ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಒಳಗಿನ ಫೋಲ್ಡರಿಗೆ ಹೋಗಿ ಕೂತಿರುತ್ತದೆ. ಆಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಹಿಡನ್ ಫೈಲ್ ತೋರಿಸು ಎಂದರೆ ಮಾತ್ರ ಕಾಣುತ್ತದೆ. ಟ್ಯಾಲಿಯ ಬ್ಯಾಕಪ್ಪನ್ನು ಟ್ಯಾಲಿಯ ಒಳಗಿಂದಲೇ ತೆಗೆಯಿರಿ. ಒಂದು ವೇಳೆ ಫಾರ್ಮ್ಯಾಟ್ ಮಾಡುವ ಪ್ರಸಂಗ ಬಂದರೆ ಮೊದಲು ಲೈಸೆನ್ಸ್ ಸರೆಂಡರ್ ಮಾಡಬೇಕು. ನಿಮ್ಮ ಹುಡುಗನಿಗೆ ಇದು ಗೊತ್ತಿದೆಯೇ ಕೇಳಿ ನೋಡಿ.

ಕ್ಲೋನ್ ಮಾಡಲು ಸ್ಯಾಮ್‌ಸಂಗ್, ಕ್ರೂಷಿಯಲ್, ಡಬ್ಲ್ಯುಡಿ ಕಂಪನಿಗಳು ತಮ್ಮ ಡ್ರೈವ್ ಕೊಂಡವರಿಗೆ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತವೆ. ಅವರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ಹೋಗುವಾಗ ಇವೇ ಸುಲಭ, ಪಾರ್ಟಿಶನ್ನನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವೂ ಒಳ್ಳೆಯದೇ, ಆದರೆ ಅದರಲ್ಲಿ ಮೊದಲು ನೀವೇ ಕುಗ್ಗಿಸಿಕೊಡಬೇಕು. 300 ಜಿಬಿಯನ್ನೂ ಒಯ್ಯುವುದು ಸುಮ್ನೆ ದಂಡ. ಹಳೇ ವರ್ಷಗಳ ಕಾರ್ಡಿನ ಫೈಲುಗಳನ್ನು ಬೇರೆ ಡಿಸ್ಕಿಗೆ ಸರಿಸಿ, ಭಾರ ಇಳಿಸಿಕೊಂಡು ಶುರು ಮಾಡಿ. ಕರೆಂಟು ನಂಬಬೇಡಿ, ಯುಪಿಎಸ್ ಮೇಲೆ ಮಾಡಿ.

ಕ್ಲೋನ್ ಮುಗಿದ ಮೇಲೆ ಕಂಪ್ಯೂಟರ್ ಆರಿಸಿ. ಹಳೇ ಡಿಸ್ಕಿನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದರಿಂದಲೇ ಮೊದಲ ಸಲ ಏಳಿಸಿ. ಎರಡೂ ಇದ್ದರೆ ಒಂದೇ ಗುರುತಿನ ಎರಡು ಡಿಸ್ಕ್ ಕಂಡು ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ನೀವು ಯಾವುದರಲ್ಲಿ ಕೆಲಸ ಮಾಡುತ್ತಿದ್ದೀರಿ ಎಂದು ನಿಮಗೇ ತಿಳಿಯುವುದಿಲ್ಲ. ಆಕ್ಟಿವೇಶನ್ ಚಿಂತೆ ಬೇಡ, ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡನ್ನು ನೋಡುತ್ತದೆ. ನಾಲ್ಕು ಹಳೇ ಕಾರ್ಡ್ ತೆರೆದು ಪ್ರಿಂಟ್ ತೆಗೆದು ನೋಡಿ. ಹಳೇ ಡಿಸ್ಕನ್ನು ಈ ಸೀಸನ್ ಮುಗಿಯುವ ತನಕ ಮುಟ್ಟದೆ ಎತ್ತಿಡಿ. ಏನಾದರೂ ಎಡವಟ್ಟಾದರೆ ಅದನ್ನೇ ಸಿಕ್ಕಿಸಿ ಮರುದಿನದ ಕೆಲಸ ನಡೆಸಬಹುದು.

ಪ್ರಶ್ನೆ: 500 ಜಿಬಿ ಎಂದು ಕೊಂಡೆ, ಕಂಪ್ಯೂಟರ್ 465 ತೋರಿಸುತ್ತಿದೆ. ಮೋಸವೇ? (ಚಿತ್ರದುರ್ಗ)

ಉತ್ತರ: ಅಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. 240ಕ್ಕೆ 223, 1 ಟಿಬಿಗೆ 931 ತೋರಿಸುವುದೂ ಹೀಗೆಯೇ.

ಪ್ರಶ್ನೆ: ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದಂತೆ. ಹಾಗಾಗಿ ಅದರಲ್ಲಿ ಏನನ್ನೂ ಸೇವ್ ಮಾಡಬೇಡ, ವಾರಕ್ಕೊಮ್ಮೆ ಡಿಫ್ರಾಗ್ ಮಾಡು ಎಂದು ನಮ್ಮ ಭಾವ ಹೇಳುತ್ತಾರೆ. (ಹಾಸನ)

ಉತ್ತರ: ಭಾವನವರ ಮೊದಲ ಮಾತು ನಿಜ. ಎರಡನೆಯ ಮತ್ತು ಮೂರನೆಯ ಮಾತು ಒಂದನ್ನೊಂದು ಹೊಡೆಯುತ್ತವೆ, ಡಿಫ್ರಾಗ್ ಎಂದರೆ ಚದುರಿದ ಫೈಲುಗಳನ್ನು ಒಟ್ಟುಗೂಡಿಸಲು ಸುಮ್ಮಸುಮ್ಮನೆ ಮತ್ತೆ ಬರೆಯುವುದು ತಾನೇ?

ಸವೆತಕ್ಕೆ ಲೆಕ್ಕ ಇದೆ. ಡ್ರೈವಿನ ವಿವರದಲ್ಲಿ ಟಿಬಿಡಬ್ಲ್ಯು ಎಂದು ಬರೆದಿರುತ್ತಾರೆ, ಎಷ್ಟು ಟಿಬಿ ಬರೆಯುವ ತನಕ ವಾರಂಟಿ ಎಂಬ ಅಂಕಿ ಅದು. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೋ 500 ಜಿಬಿಗೆ 300 ಟಿಬಿ ಅಥವಾ 5 ವರ್ಷ, ಯಾವುದು ಮೊದಲೋ ಅದು. ದಿನಕ್ಕೆ 20 ಜಿಬಿ ಬರೆದರೂ 300 ಟಿಬಿ ಮುಟ್ಟಲು 40 ವರ್ಷ ದಾಟುತ್ತದೆ. ಅಷ್ಟರಲ್ಲಿ ನಿಮ್ಮ ಕಂಪ್ಯೂಟರ್ ಇರುತ್ತದೆಯೇ?

ಡಿಫ್ರಾಗ್ ಕೈಯಾರೆ ಮಾಡಬೇಡಿ. ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಎಂಬ ವ್ಯವಸ್ಥೆ ಇದೆ. ಅಳಿಸಿದ ಜಾಗ ಯಾವುದೆಂದು ಅದು ಡ್ರೈವಿಗೆ ತಿಳಿಸುತ್ತದೆ. ಈಗಿನ ವಿಂಡೋಸಿನಲ್ಲಿ ‘ಆಪ್ಟಿಮೈಸ್ ಡ್ರೈವ್ಸ್’ ತಾನಾಗಿ ಇದನ್ನು ನೋಡಿಕೊಳ್ಳುತ್ತದೆ. ನೀವು ಮಾಡಬೇಕಾದದ್ದು ಡ್ರೈವನ್ನು ಕಂಠಮಟ್ಟ ತುಂಬಿಸದೆ ಸ್ವಲ್ಪ ಜಾಗ ಬಿಡುವುದು. ಟ್ರಿಮ್‌ನಿಂದ ಒಂದು ತೊಂದರೆಯೂ ಇದೆ, ಅದನ್ನು ಭಾವನವರಿಗೆ ತಪ್ಪದೆ ಹೇಳಿ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದನ್ನು ನಾವು ಎಷ್ಟೋ ಸಲ ಮರಳಿ ತೆಗೆದುಕೊಡುತ್ತೇವೆ. ಎಸ್‌ಎಸ್‌ಡಿಯಲ್ಲಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಮಾನ್ಯವಾಗಿ ಹೋಯಿತು ಎಂದೇ ಲೆಕ್ಕ.

ಪ್ರಶ್ನೆ: ಡೆಸ್ಕ್‌ಟಾಪಿನ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದೆ. ಅದು ಕಾಣುತ್ತಿದೆ, ಆದರೆ ಇಷ್ಟು ದಿನ ಇದ್ದ ಹಾರ್ಡ್ ಡಿಸ್ಕ್ ಮಾಯ! (ಮಂಗಳೂರು)

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ಹಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟೂ (ಪಟ್ಟಿಯಂಥ ಡ್ರೈವ್ ಬೋರ್ಡಿನ ಮೇಲೆಯೇ ಕೂರುವ ಕಿಂಡಿ) ಒಂದೆರಡು ಸಾಟಾ ಪೋರ್ಟುಗಳೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಅದು ತುಂಬಿದರೆ ಇವು ಮುಚ್ಚುತ್ತವೆ. ಹಾರ್ಡ್ ಡಿಸ್ಕಿನ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ. ಯಾವುದು ಮುಚ್ಚುತ್ತದೆ ಎಂದು ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಎಂ.2 ಕೊಳ್ಳಲಿರುವ ಉಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ನೋಡಲು ಒಂದೇ ಥರ, 22 ಮಿಲಿಮೀಟರ್ ಅಗಲ, 80 ಉದ್ದ. ಆದರೆ ಸಾಟಾ ಜಾತಿಯದೂ ಇದೆ, ಅದಕ್ಕಿಂತ ವೇಗದ ಎನ್‌ವಿಎಂಇ ಜಾತಿಯದೂ ಇದೆ. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು ಪುಸ್ತಕ ನೋಡಿಯೇ ಕೊಳ್ಳಿ. ಹಾಕುವಾಗ ಓರೆಯಾಗಿ ತೂರಿಸಿ, ಆಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಹುರುಳಿಕಾಳಿನಷ್ಟೇ ಇದೆ, ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಂಡು ಕೂರಿ. ಮೇಲೆ ಹೀಟ್‌ಸಿಂಕ್ ಇದ್ದರೆ ಅದರ ಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಬೇಕು. ಡ್ರೈವಿನ ಮೇಲಿನ ಲೇಬಲ್ ಮಾತ್ರ ಕೀಳಬೇಡಿ, ವಾರಂಟಿ ಹೋದೀತು. ಇನ್ನು ಸೆಕೆಂಡಿಗೆ 3500 ಎಂಬಿಯದೋ 7000 ಎಂಬಿಯದೋ ಎಂಬ ಚರ್ಚೆ. ವಿಡಿಯೋ ಎಡಿಟ್ ಮಾಡದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಉಳಿದ ದುಡ್ಡಲ್ಲಿ ಜಾಸ್ತಿ ಜಿಬಿ ತಗೊಳ್ಳಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. 11ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪಿಗೆ ಹೊಸ ಎನ್‌ವಿಎಂಇ ಹಾಕಿದೆ. ಬಯಾಸಿನಲ್ಲಿ ಕಾಣುತ್ತದೆ. ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೋದರೆ ಒಂದು ಡ್ರೈವನ್ನೂ ತೋರಿಸುತ್ತಿಲ್ಲ. ಅಂಗಡಿಯವರು ಡ್ರೈವ್ ಕೆಟ್ಟಿದೆ, ಬದಲಿಸಿ ಎಂದರು. (ಹುಬ್ಬಳ್ಳಿ)

ಉತ್ತರ: ಬದಲಿಸಬೇಡಪ್ಪಾ. ಬಯಾಸಿನಲ್ಲಿ ಕಂಡ ಡ್ರೈವನ್ನು ಅಷ್ಟು ಬೇಗ ಕೆಟ್ಟಿದೆ ಎನ್ನಬಾರದು. 11ನೇ ತಲೆಮಾರಿನಿಂದ ಬಹಳ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ಲಿನ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿ ಬರುತ್ತದೆ. ಡ್ರೈವ್ ಅದರ ಹಿಂದೆ ನಿಂತಿರುತ್ತದೆ. ಅದಕ್ಕೆ ಬೇಕಾದ ಡ್ರೈವರ್ (ಅದನ್ನು ವಿಂಡೋಸಿಗೆ ಗುರುತಿಸಿಕೊಡುವ ಚಿಕ್ಕ ತಂತ್ರಾಂಶ) ವಿಂಡೋಸಿನ ಪೆನ್ ಡ್ರೈವಿನಲ್ಲಿ ಇಲ್ಲದಿದ್ದರೆ ಏನೂ ಕಾಣುವುದಿಲ್ಲ.

ನಿನ್ನ ಲ್ಯಾಪ್‌ಟಾಪ್ ಮಾಡೆಲ್ಲಿನ ಸಪೋರ್ಟ್ ಪುಟಕ್ಕೆ ಹೋಗಿ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೋ. ಇಳಿಸಿದ ಫೈಲನ್ನು ಬಿಚ್ಚಿ (ಅನ್‌ಜಿಪ್ ಮಾಡಿ) ಅದೇ ಪೆನ್ ಡ್ರೈವಿಗೆ ಹಾಕು. ಇನ್‌ಸ್ಟಾಲ್ ಮಾಡುವಾಗ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸು. ಡ್ರೈವ್ ಬರುತ್ತದೆ. ಬಯಾಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ದಾರಿಯೂ ಇದೆ. ಆದರೆ ಇನ್ನೊಂದು ಡ್ರೈವಿನಲ್ಲಿ ಹಳೇ ವಿಂಡೋಸ್ ಇದ್ದರೆ ಅದು ನೀಲಿ ಪರದೆ ತೋರಿಸಬಹುದು, ಜೋಪಾನ.

ಹಳೇ ಡ್ರೈವಿನಲ್ಲಿ ಬಿಟ್‌ಲಾಕರ್ ಇದೆಯೇ ಎಂದೂ ನೋಡು, ಅದು ಡ್ರೈವಿಗೆ ಹಾಕುವ ವಿಂಡೋಸಿನ ಬೀಗ. ಈಚಿನ ಲ್ಯಾಪ್‌ಟಾಪುಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಅದರ 48 ಅಂಕಿಯ ರಿಕವರಿ ಕೀ ಸಾಮಾನ್ಯವಾಗಿ ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಡ್ರೈವ್ ಬಿಚ್ಚುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೋ. ಆ ಕೀ ಇಲ್ಲದೆ ಯಾವ ಅಂಗಡಿಯವರೂ ನಿನ್ನ ಪ್ರಾಜೆಕ್ಟ್ ರಿಪೋರ್ಟ್ ತೆಗೆದುಕೊಡಲಾರರು, ನಾನೂ ಸೇರಿ.

ಪ್ರಶ್ನೆ: ಆನ್‌ಲೈನಿನಲ್ಲಿ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಎರಡು ಸಾವಿರಕ್ಕೂ ಕಡಿಮೆಗೆ ಇದೆ. ತಗೊಳ್ಳಲೇ? (ಬಳ್ಳಾರಿ)

ಉತ್ತರ: ಬೇಡ. ಇಂಥ ಡಬ್ಬಿ ಬಿಚ್ಚಿದವರಿಗೆ ಒಳಗೆ ಸಿಕ್ಕಿರುವುದು ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡ್. 16 ಟಿಬಿ ಎಂದು ಸುಳ್ಳು ಹೇಳುವ ಹಾಗೆ ಅದಕ್ಕೆ ಕಲಿಸಿರುತ್ತಾರೆ. ಫೋಟೋ ಹಾಕುತ್ತಾ ಹೋದರೆ ಫೈಲಿನ ಹೆಸರೆಲ್ಲ ಕಾಣುತ್ತದೆ, ತೆರೆದರೆ ಏನೂ ಇಲ್ಲ. ಆಗಲೇ ಕೊಂಡಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ, ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಕಳಿಸಿಬಿಡಿ.

ಪ್ರಶ್ನೆ: ನಾವು ದುಬೈಯಲ್ಲಿದ್ದೇವೆ. ಮದುವೆ, ಉಪನಯನ, ಅಮ್ಮನ ಹಳೇ ಫೋಟೋ ಎಲ್ಲ ಒಂದು ಎಸ್‌ಎಸ್‌ಡಿಗೆ ಹಾಕಿ ಕುಂದಾಪುರದ ಮನೆಯ ಬೀರುವಿನಲ್ಲಿ ಇಡುವ ಯೋಚನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತೇವೆ. (ದುಬೈ)

ಉತ್ತರ: ಬೀರುವಿಗೆ ಎಸ್‌ಎಸ್‌ಡಿ ಸರಿಯಾದ ವಸ್ತುವಲ್ಲ. ಅದು ಮಾಹಿತಿಯನ್ನು ವಿದ್ಯುತ್ ಕಣಗಳಾಗಿ ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಕಾಣದೆ ಬಹಳ ಕಾಲ ಬಿದ್ದಿದ್ದರೆ ಅದು ನಿಧಾನವಾಗಿ ಸೋರುತ್ತದೆ, ಸೆಕೆ ಹೆಚ್ಚಾದಷ್ಟೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಪೂರ್ತಿ ಬರೆಯುವ ಆಯುಸ್ಸು ಮುಗಿಸಿದ ಮೇಲೂ 30 ಡಿಗ್ರಿಯಲ್ಲಿ ಒಂದು ವರ್ಷ ಹಿಡಿದಿಟ್ಟುಕೊಳ್ಳಬೇಕು ಎಂಬುದು ಜೆಡೆಕ್ ಎಂಬ ಸಂಸ್ಥೆಯ ಮಾನದಂಡ. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆ, ನಿಜ. ಆದರೂ ಅಮ್ಮನ ಫೋಟೋ ವಿಷಯದಲ್ಲಿ ಪಂಥ ಯಾಕೆ?

ಕಂಪ್ಯೂಟರಿನೊಳಗೆ ಎಸ್‌ಎಸ್‌ಡಿ ಇರಲಿ, ಬೀರುವಿಗೆ ಹಾರ್ಡ್ ಡಿಸ್ಕ್ ಇಡಿ. ಎಸ್‌ಎಸ್‌ಡಿ ಹಾಕುವಾಗ ತೆಗೆದ ಹಳೇ ಡಿಸ್ಕ್ ಗಟ್ಟಿಯಾಗಿದ್ದರೆ ಅದೇ ಒಂದು ಪ್ರತಿಗೆ ಆದೀತು. ಲ್ಯಾಪ್‌ಟಾಪಿನ 2.5 ಇಂಚಿನದಾದರೆ ಒಂದು ಯುಎಸ್‌ಬಿ ಕೇಸ್ ಸಾಕು. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟಿನ ಅಡಾಪ್ಟರ್ ಇರುವ ಕೇಸ್ ಕೇಳಿ, ಬರೀ ಯುಎಸ್‌ಬಿ ಕರೆಂಟಿನಲ್ಲಿ ಅದು ತಿರುಗುವುದಿಲ್ಲ. ಕರಾವಳಿಯ ತೇವಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇನ್ನೊಂದು ಪ್ರತಿ ದುಬೈಯ ಮನೆಯಲ್ಲಿರಲಿ. ಊರಿಗೆ ಬಂದಾಗ ಡಿಸ್ಕ್ ಸಿಕ್ಕಿಸಿ, ನಾಲ್ಕು ಫೋಟೋ ತೆರೆದು ನೋಡಿ, ಹೊಸದನ್ನು ಸೇರಿಸಿ ಹೋಗಿ.